ಹಿಂದೆ ಕೂತವರು ಬಿದ್ದಾಗ

ಮೂರು ವರ್ಷದ ಹಿಂದೆ ನಮ್ಮ ಚಿಕ್ಕಮ್ಮ ಬೈಕಿನಿಂದ ಬಿದ್ದರು. ಮಂಡ್ಯ ಕಡೆ ಒಂದು ಮದುವೆ ಮುಗಿಸಿಕೊಂಡು ಮಗನ ಜೊತೆ ವಾಪಸ್ ಬರುತ್ತಿದ್ದರು. ಆಗಲೇ ಕತ್ತಲಾಗಿತ್ತು. ಮಗ ಕುಡಿದಿರಲಿಲ್ಲ, ಜೋರಾಗಿಯೂ ಓಡಿಸುತ್ತಿರಲಿಲ್ಲ. ಯಾವುದೋ ಊರು ಶುರುವಾಗುವ ಕಡೆ ಒಂದು ಹಂಪ್ ಇತ್ತು, ಅಷ್ಟೇ. ಬಣ್ಣ ಇಲ್ಲ, ಬೋರ್ಡ್ ಇಲ್ಲ, ಲೈಟೂ ಇಲ್ಲ. ಬೈಕ್ ಎಗರಿತು. ಒಂದೇ ಕಡೆ ಕಾಲು ಹಾಕಿ, ಕೈಯಲ್ಲಿ ತಾಂಬೂಲದ ಕವರ್ ಹಿಡಿದು ಕೂತಿದ್ದ ಚಿಕ್ಕಮ್ಮ ಹಿಂದಕ್ಕೆ ಬಿದ್ದರು. ಮಗನ ತಲೆ ಮೇಲೆ ಹೆಲ್ಮೆಟ್ ಇತ್ತು. ಅಮ್ಮನ ತಲೆಯಲ್ಲಿ ಹೂವಿತ್ತು.

ಬಿದ್ದವರು ತಾವೇ ಎದ್ದು ಕೂತರು. ಸೆರಗು ಸರಿ ಮಾಡಿಕೊಂಡು, "ಏನೂ ಆಗಿಲ್ಲ ಕಣೋ, ನಡಿ" ಅಂದರು. ಮನೆಗೆ ಬಂದು ಕಾಫಿಯನ್ನೂ ಕುಡಿದರು. ರಾತ್ರಿ ಎರಡು ಸಲ ವಾಂತಿ ಆಯಿತು. ಮದುವೆ ಊಟ ಜಾಸ್ತಿ ಆಗಿರಬೇಕು ಅಂದುಕೊಂಡೆವು. ಬೆಳಿಗ್ಗೆ ಎಬ್ಬಿಸಿದಾಗ ಮಾತು ತೊದಲುತ್ತಿತ್ತು. ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಆಯಿತು, ಜೀವ ಉಳಿಯಿತು. ಆದರೆ ಇವತ್ತಿಗೂ ಅವರ ಬಲಗೈಯಲ್ಲಿ ಲೋಟ ನಿಲ್ಲುವುದಿಲ್ಲ. ಎಷ್ಟೋ ಪದಗಳು ಬಾಯಿಗೆ ಬರುವುದಿಲ್ಲ.

ದಯವಿಟ್ಟು ಇದೊಂದು ನೆನಪಿಡಿ. ತಲೆಗೆ ಏಟು ಬಿದ್ದವರು ಚೆನ್ನಾಗಿ ಮಾತಾಡುತ್ತಿದ್ದಾರೆ ಅಂತ ಸುಮ್ನೆ ಇರಬೇಡಿ. ಒಳಗೆ ರಕ್ತ ನಿಧಾನವಾಗಿ ಸೇರುತ್ತಾ ಹೋಗಬಹುದು. ವಾಂತಿ, ವಿಪರೀತ ತಲೆನೋವು, ಮಂಪರು, ತೊದಲು, ಇದರಲ್ಲಿ ಒಂದು ಕಂಡರೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ವಯಸ್ಸಾದವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಬಿದ್ದಿದ್ದರೆ ಏನೂ ಕಾಣದಿದ್ದರೂ ತೋರಿಸಿ. ನಾವು ಒಂದು ರಾತ್ರಿ ಕಳೆದುಕೊಂಡೆವು.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ಆದರೂ ಎಷ್ಟೋ ಮನೆಗಳಲ್ಲಿ ಇರೋದು ಒಂದೇ ಹೆಲ್ಮೆಟ್, ಅದೂ ಓಡಿಸುವವನದು. "ಇಲ್ಲೇ ಹೋಗಿ ಬರೋದಲ್ವಾ" ಅಂತೀವಿ. ಚಿಕ್ಕಮ್ಮ ಬಿದ್ದ ಜಾಗದಿಂದ ಮನೆ ನಾಲ್ಕೇ ಕಿಲೋಮೀಟರ್. ಇನ್ನು ಪೊಲೀಸರಿಗೆ ತೋರಿಸೋಕೆ ಹಾಕುವ ಆ ಅರ್ಧ ಟೋಪಿ ಬೇಡವೇ ಬೇಡ. ಹಿಂದಕ್ಕೆ ಬಿದ್ದಾಗ ನೆಲಕ್ಕೆ ಬಡಿಯುವ ಜಾಗವೇ ಅದರಲ್ಲಿ ಮುಚ್ಚಿರುವುದಿಲ್ಲ.

ಬೈಕಿನ ಸೀರೆ ಗಾರ್ಡ್ ಬಗ್ಗೆಯೂ ಹೇಳಬೇಕು. ಹಿಂದೆ ಕೂತವರಿಗೆ ಹಿಡಿ, ಕಾಲಿಡುವ ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧ ಭಾಗಕ್ಕಾದರೂ ಮುಚ್ಚಳ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನಮ್ಮ ಹುಡುಗರು ಹೊಸ ಬೈಕ್ ತಂದ ವಾರದಲ್ಲೇ ಅದನ್ನು ಬಿಚ್ಚಿಸುತ್ತಾರೆ, ಲುಕ್ ಹಾಳಾಗುತ್ತಂತೆ. ಅದೇ ಬೈಕಲ್ಲಿ ಅಮ್ಮ ಸೀರೆ ಉಟ್ಟು, ಅಕ್ಕ ದುಪಟ್ಟಾ ಹಾಕಿಕೊಂಡು ಕೂರುತ್ತಾರೆ. ಚಕ್ರಕ್ಕೆ ಸೆರಗು ಸುತ್ತಿಕೊಂಡರೆ ಕೂಗುವಷ್ಟರಲ್ಲಿ ನೆಲಕ್ಕೆ ಎಳೆದಿರುತ್ತದೆ.

ಹಂಪ್ ಹಾಕಿದ ಊರಿನವರ ಮೇಲೆ ನನಗೆ ಸಿಟ್ಟಿಲ್ಲ. ಯಾವುದೋ ಮಗು ಗಾಡಿಗೆ ಸಿಕ್ಕ ಮೇಲೆ, ಕಣ್ಣೀರಲ್ಲೇ ರಾತ್ರೋರಾತ್ರಿ ಕಾಂಕ್ರೀಟ್ ಸುರಿದಿರುತ್ತಾರೆ. ಆದರೆ ಸರಿಯಾದ ಹಂಪ್‌ಗೆ ಇಂಡಿಯನ್ ರೋಡ್ ಕಾಂಗ್ರೆಸ್ (ರಸ್ತೆ ಹೇಗಿರಬೇಕು ಅಂತ ಮಾನದಂಡ ಮಾಡುವ ಸಂಸ್ಥೆ) ಹೇಳಿದ ಅಳತೆ ಇದೆ. ಎತ್ತರ 10 ಸೆಂಟಿಮೀಟರ್, ಗಾಡಿ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್. ಗಾಡಿ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುತ್ತದೆ. ನಮ್ಮೂರುಗಳಲ್ಲಿ ಇರೋದು ಎರಡು ಅಡಿ ಅಗಲದ ಗೋಡೆ. ನಿಮ್ಮೂರಲ್ಲಿ ಅಂಥದ್ದಿದ್ದರೆ ಸರಿ ಮಾಡಿಸಿ ಅಂತ ಅರ್ಜಿ ಕೊಡಿ. ಅಲ್ಲಿವರೆಗೆ ಒಂದು ಡಬ್ಬ ಬಿಳಿ ಬಣ್ಣವನ್ನಾದರೂ ಬಳಿಸಿ.

ಮೊನ್ನೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಸೊಸೆ ಮಲ್ಲಿಗೆ ಮುಡಿದು ಗಂಡನ ಜೊತೆ ಪೇಟೆಗೆ ಹೊರಟಿದ್ದಳು. ಚಿಕ್ಕಮ್ಮ ಬಾಗಿಲವರೆಗೂ ಬಂದು "ಅದು... ಅದು..." ಅಂದರು. ಪದ ಬರಲಿಲ್ಲ. ಎಡಗೈಯಿಂದ ಮೊಳೆಯ ಮೇಲಿದ್ದ ಹೆಲ್ಮೆಟ್ ತೆಗೆದು ಅವಳ ಕೈಗೆ ಕೊಟ್ಟರು.