ಎಲ್ಲರ ಮನೆ ವೈಫೈಯೂ ತೂತೇ

ಬೆಂಗಳೂರಿನ ವಿಜಯನಗರದ ಹೊಸ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಮಗಳು ಬಂದು, "ಅಪ್ಪಾ, ವೈಫೈ ಯಾವಾಗ ಬರುತ್ತೆ?" ಅಂದಳು. ಕಾವೇರಿ ನೀರು ಯಾವ ದಿನ ಬಿಡುತ್ತಾರೆ ಗೊತ್ತಿಲ್ಲ. ಸಿಲಿಂಡರ್ ಇವತ್ತೋ ನಾಳೆಯೋ ಮುಗಿಯುವ ಹಾಗಿದೆ. ಮಂಚ ಇನ್ನೂ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿದೆ. ಆದರೂ ಅವಳ ಪ್ರಶ್ನೆಯೇ ಸರಿ ಅನ್ನಿಸಿತು. ಮಂಚ ಇಲ್ಲದಿದ್ದರೆ ನೆಲದ ಮೇಲೆ ಮಲಗಬಹುದು.

ಈ ಸಲ ಮೋಸ ಹೋಗಬಾರದು ಅಂತ ತೀರ್ಮಾನ ಮಾಡಿದೆ. 200 ಪುಟದ ಲಾಂಗ್‌ಬುಕ್ ತಂದೆ. ಸ್ಕೇಲ್ ಇಟ್ಟು ಗೆರೆ ಎಳೆದೆ. ಕಂಪನಿ, ಸ್ಪೀಡು, ದರ, ಷರತ್ತು ಅಂತ ನಾಲ್ಕು ಕಾಲಂ. ಐದು ಕಂಪನಿ, ಹನ್ನೊಂದು ಪ್ಲಾನು. ಮೊದಲ ಮೂರು ಕಾಲಂ ಒಂದೊಂದು ಸಾಲಿನಲ್ಲಿ ಮುಗಿದವು. ಷರತ್ತಿನ ಕಾಲಂ ಮಾತ್ರ ಎರಡನೇ ಕಂಪನಿಯ ಹೊತ್ತಿಗೆ ಪುಟ ದಾಟಿ ಹಿಂಬದಿಗೆ ಹೋಯಿತು. ಹೆಂಡತಿ ಇಣುಕಿ ನೋಡಿ, "ಸೊಪ್ಪಿನವಳ ಹತ್ತಿರ ಒಂದು ದಿನವಾದರೂ ಹೀಗೆ ವಿಚಾರಿಸಿದ್ದೀರಾ?" ಅಂದಳು. ಸೊಪ್ಪಿನವಳು ಕಟ್ಟು 20 ರೂಪಾಯಿ ಅಂದರೆ 20 ರೂಪಾಯಿಯೇ. ಅದರಲ್ಲಿ ವಿಚಾರಿಸೋಕೆ ಏನಿದೆ?

ಮೊದಲು ದರ. ಬೋರ್ಡಿನ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ 399 ಅಂತ ಇರುತ್ತದೆ. ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಒಂದು ನಕ್ಷತ್ರ. ಆ ನಕ್ಷತ್ರದ ಹೆಸರು ಜಿಎಸ್‌ಟಿ, ನೂರಕ್ಕೆ 18. ಹಾಗಾಗಿ 399 ಅನ್ನುವುದು 470 ರೂಪಾಯಿ 82 ಪೈಸೆ. 699 ಅನ್ನುವುದು 824 ರೂಪಾಯಿ 82 ಪೈಸೆ. 999 ಅನ್ನುವುದು 1,178 ರೂಪಾಯಿ 82 ಪೈಸೆ. ಪೈಸೆ ಮೂರರಲ್ಲೂ 82ಕ್ಕೇ ಬಂದು ನಿಲ್ಲುತ್ತದೆ, ಬೇಕಾದರೆ ಲೆಕ್ಕ ಹಾಕಿ ನೋಡಿ. ಈ ದೇಶದಲ್ಲಿ ಪೈಸೆಗೆ ಇನ್ನೂ ಮರ್ಯಾದೆ ಉಳಿದಿರುವುದು ಇಂಥ ಬಿಲ್ಲುಗಳಲ್ಲೇ. ಅಂದಹಾಗೆ ಬಂಗಾರಕ್ಕೆ ಜಿಎಸ್‌ಟಿ ನೂರಕ್ಕೆ 3 ಮಾತ್ರ. ಬುದ್ಧಿ ಇರುವವರು ಇಂಟರ್ನೆಟ್ ಬಿಟ್ಟು ಬಳೆ ಮಾಡಿಸಿಕೊಂಡು ಕೂರಬೇಕು.

ಹೀಗೆ ಬಂದ ದರವೂ ಸುಮ್ನೆ ಒಂದು ತಿಂಗಳಿಗೆ ಕಟ್ಟುವವರಿಗಲ್ಲ. ಆರು ತಿಂಗಳ ದುಡ್ಡು ಮುಂಗಡ ಕೊಟ್ಟರೆ ರೂಟರ್ ಫ್ರೀ. ಒಂದೇ ತಿಂಗಳು ಸಾಕು ಅಂದರೆ ಡೆಪಾಸಿಟ್ಟು, ಇನ್‌ಸ್ಟಲೇಶನ್ ಚಾರ್ಜು. ಜೊತೆಗೆ ಒಂದು ಡಜನ್ ಓಟಿಟಿ ಆಪ್ ಉಚಿತ. "ನನಗೆ ಆಪ್ ಬೇಡಮ್ಮ, ಅದರ ದುಡ್ಡು ಕಳೆದುಬಿಡಿ" ಅಂದೆ. ಕಸ್ಟಮರ್ ಕೇರಿನ ಹುಡುಗಿ ಬಹಳ ವಿನಯದಿಂದ, "ಉಚಿತವಾಗಿರೋದನ್ನ ಹೇಗೆ ಸಾರ್ ಕಳೆಯೋದು?" ಅಂದಳು. ಅವಳು ಹೇಳಿದ್ದರಲ್ಲಿ ಲೆಕ್ಕದ ತಪ್ಪು ಏನೂ ಇರಲಿಲ್ಲ.

ಇನ್ನು ಸ್ಪೀಡು. 100 ಎಂಬಿಪಿಎಸ್ ಅಂದರೆ 100 ಎಂಬಿಯ ಫೈಲು ಒಂದು ಸೆಕೆಂಡಿನಲ್ಲಿ ಇಳಿಯಬೇಕು ಅಲ್ವಾ? ಇಲ್ಲ, ಎಂಟು ಸೆಕೆಂಡು ಬೇಕು. ಕಂಪನಿಯ ಎಂಬಿಯಲ್ಲಿ ಇರುವುದು ಬಿಟ್. ನಮ್ಮ ಫೈಲಿನ ಎಂಬಿಯಲ್ಲಿ ಇರುವುದು ಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಬರೆದರೆ ಒಂದಕ್ಕೆ ಚಿಕ್ಕ ಬಿ, ಇನ್ನೊಂದಕ್ಕೆ ದೊಡ್ಡ ಬಿ. ಕನ್ನಡದ ಬಿಗೆ ಚಿಕ್ಕದು ದೊಡ್ಡದು ಅಂತ ಭೇದವಿಲ್ಲ. ಹಾಗಾಗಿ ನಾವು ಮೋಸ ಹೋಗುವುದು ಇನ್ನೂ ಸಲೀಸು.

ಬೆಂಗಳೂರಿನವರಿಗೆ ಇದನ್ನು ದರ್ಶಿನಿಯ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಒಂದು ಕಾಫಿ ತಗೊಂಡು ಎರಡು ಲೋಟಕ್ಕೆ ಹಾಕಿಸಿಕೊಂಡರೆ ಅದು ಬೈಟು. ಬ್ರಾಡ್‌ಬ್ಯಾಂಡಿನ ಬೈಟು ಬೇರೆ ಥರ. ಅಲ್ಲಿ ಒಂದು ಲೋಟವನ್ನು ಎಂಟು ಪಾಲು ಮಾಡಿ, ಎಂಟು ಅಂತ ಬೋರ್ಡು ಬರೆಸುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ ಸಾಮರ್ಥ್ಯವನ್ನು ಎಷ್ಟು ಜನರಿಗೆ ಹಂಚಬಹುದು ಅಂತ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ನಿಯಂತ್ರಣ ಸಂಸ್ಥೆ ಟ್ರಾಯ್ 2009ರಲ್ಲಿ ಮಾರ್ಗಸೂಚಿ ಕೊಟ್ಟಿತ್ತು. ಮನೆಗಳಿಗಾದರೆ 1:50, ವ್ಯಾಪಾರದವರಿಗೆ 1:30, ಅದಕ್ಕಿಂತ ಜಾಸ್ತಿ ಹಂಚಬೇಡಿ ಅಂತ. ಒಂದು ಕಾಫಿ, ಐವತ್ತು ಲೋಟ. ಬೈಟು ಹೋಗಿ ಬೈ ಐವತ್ತು. ಐವತ್ತು ಜನ ಒಂದೇ ಹೊತ್ತಿಗೆ ಕುಡಿಯುವುದಿಲ್ಲ ಅನ್ನುವ ಧೈರ್ಯದ ಮೇಲೆ ಈ ವ್ಯಾಪಾರ ನಡೆಯುತ್ತದೆ. ನಮ್ಮ ಬೀದಿಯವರು ಕುಡಿಯುತ್ತಾರೆ. ದಿನಾ ರಾತ್ರಿ ಎಂಟಕ್ಕೆ, ಐಪಿಎಲ್ ಇದ್ದರೆ ಏಳೂವರೆಗೆ. ಎದುರು ಮನೆಯಲ್ಲಿ ಸಿಕ್ಸರಿಗೆ ಚಪ್ಪಾಳೆ ಬಿದ್ದ ಮೇಲೆ ನಮ್ಮ ಟಿವಿಯಲ್ಲಿ ಬೌಲರ್ ಓಡಿ ಬರಲು ಶುರು ಮಾಡುತ್ತಾನೆ.

ಇದನ್ನೇ ಕೇಳಿದರೆ ಬರುವ ಉತ್ತರ ಒಂದೇ ಒಂದು ಪದ: ವರೆಗೆ. 100 ಎಂಬಿಪಿಎಸ್ "ವರೆಗೆ". ಕನ್ನಡದಲ್ಲಿ ಇಷ್ಟು ದುಡಿಯುವ ಪದ ಇನ್ನೊಂದಿಲ್ಲ. 3 ಬಂದರೂ 100ರವರೆಗೆ, 30 ಬಂದರೂ 100ರವರೆಗೆ. ಸೊನ್ನೆಯೂ ಅದರೊಳಗೇ ಬರುತ್ತದೆ. ನಾನೂ ಒಂದು ಸಲ ಫೋನಿನಲ್ಲಿ ಹೇಳಿದೆ, "ಸರಿಯಮ್ಮ, ನಾನೂ ತಿಂಗಳಿಗೆ 999ರವರೆಗೆ ಕಟ್ಟುತ್ತೇನೆ." ಆ ಕಡೆ ಸ್ವಲ್ಪ ಹೊತ್ತು ವೀಣೆ ನುಡಿಸಿದರು. ಆಮೇಲೆ ಲೈನ್ ಕಟ್ಟಾಯಿತು.

"ಅನ್‌ಲಿಮಿಟೆಡ್" ಅನ್ನುವ ಪದಕ್ಕೂ ಲಿಮಿಟ್ ಇದೆ. ಬಹಳಷ್ಟು ಪ್ಲಾನುಗಳಲ್ಲಿ ಅದು ತಿಂಗಳಿಗೆ 3,300 ಜಿಬಿ. ಒಂದು ಸಂಸಾರ ಅಷ್ಟನ್ನು ಖರ್ಚು ಮಾಡುವುದು ಕಷ್ಟ, ಒಪ್ಪಿದೆ. ಆದರೆ ಲೆಕ್ಕ ಹಾಕಿ. 100 ಎಂಬಿಪಿಎಸ್ ಅಂತ ಅವರು ಹೇಳಿದ ಸ್ಪೀಡು ನಿಜವಾಗಿ ಎಡೆಬಿಡದೆ ಬಂದರೆ 73 ಗಂಟೆಯಲ್ಲಿ, ಅಂದರೆ ಮೂರು ದಿನ ಚಿಲ್ಲರೆಯಲ್ಲಿ ತಿಂಗಳ ಕೋಟಾ ಖಾಲಿ. 1 ಜಿಬಿಪಿಎಸ್ ಪ್ಲಾನಿಗೂ ಇದೇ ಮಿತಿ ಇಟ್ಟರೆ ಇನ್ನೂ ಚೆಂದ. ಒಂದನೇ ತಾರೀಕು ಬೆಳಿಗ್ಗೆ ತಿಂಡಿ ತಿಂದು ಕೂತರೆ ಸಂಜೆ ಕಾಫಿ ಹೊತ್ತಿಗೆ ತಿಂಗಳು ಮುಗಿಯಿತು. ಹಾಗೆ ಆಗುವುದಿಲ್ಲ ಅಂತ ಕಂಪನಿಗೆ ಎಷ್ಟು ನಂಬಿಕೆ ನೋಡಿ.

ಇಷ್ಟೆಲ್ಲ ಆದ ಮೇಲೂ ನಮಗೆ ಸಿಗುತ್ತಿರುವುದು ಬ್ರಾಡ್‌ಬ್ಯಾಂಡೇ ಅಲ್ಲ ಅಂತ ವಾದ ಮಾಡಲು ಬರುವುದಿಲ್ಲ. 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡ್. ಆಮೇಲೆ ಅದು 512 ಆಯಿತು. 2023ರ ಜನವರಿಯಲ್ಲಿ ಸರ್ಕಾರ ಮನಸ್ಸು ದೊಡ್ಡದು ಮಾಡಿ 2 ಎಂಬಿಪಿಎಸ್ ಅಂತ ಅಧಿಸೂಚನೆ ಹೊರಡಿಸಿತು. ಆದ್ದರಿಂದ ಮಗಳ ಆನ್‌ಲೈನ್ ಪರೀಕ್ಷೆಯ ದಿನ ಎರಡೂ ಚಿಲ್ಲರೆ ಎಂಬಿಪಿಎಸ್ ಬರುತ್ತಿದ್ದಾಗ ನಾನು ಕೂಗಾಡಿದ್ದು ತಪ್ಪು. ಅಧಿಸೂಚನೆಯ ಪ್ರಕಾರ ಆ ದಿನ ನಮ್ಮ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಆರೋಗ್ಯವಾಗಿತ್ತು.

ನಂಬಿಕೆ ಇಲ್ಲದಿದ್ದರೆ ಸ್ಪೀಡ್ ಟೆಸ್ಟ್ ಮಾಡಿ ಅನ್ನುತ್ತಾರೆ. ಮಾಡಿದೆ. ಮುಳ್ಳು ಜುಯ್ ಅಂತ ಹೋಗಿ 96ರಲ್ಲಿ ನಿಂತಿತು. ಪಕ್ಕದ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಇನ್ನೂ ಗಿರಗಿರ ಸುತ್ತುತ್ತಿತ್ತು. ಇದರಲ್ಲಿ ಮಾಟಮಂತ್ರ ಏನಿಲ್ಲ. ಟೆಸ್ಟ್ ಮಾಡುವ ಆಪ್ ಹತ್ತಿರದ ಸರ್ವರ್ ಹುಡುಕುತ್ತದೆ. ಎಷ್ಟೋ ಸಲ ಆ ಸರ್ವರ್ ಇರುವುದು ಅದೇ ಕಂಪನಿಯ ಜಾಲದೊಳಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಮನೆಯ ನಡುಮನೆಯಲ್ಲೇ ಬರೆದು, ಪೇಪರನ್ನು ಅಪ್ಪನ ಕೈಗೇ ತಿದ್ದಲು ಕೊಟ್ಟ ಹಾಗೆ. ಮಗ ಫೇಲಾಗುತ್ತಾನಾ?

ಪಟ್ಟಿಯ ಕಥೆಯನ್ನು ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಭಾವನಿಗೆ ಫೋನಿನಲ್ಲಿ ಹೇಳಿಕೊಂಡೆ. ಅವನು ಮಾತಾಡುತ್ತಿದ್ದುದು ಸಿಗ್ನಲ್ಲಿಗಾಗಿ ಬೇಲಿಯ ದಣಪೆ ದಾಟಿ, ತೋಟದ ಮೇಲಿನ ದರೆ ಹತ್ತಿ. "ಹನ್ನೊಂದು ಪ್ಲಾನಾ ಮಾರಾಯ! ನಮಗೆ ಇರೋದು ಮೂರೇ. ದರೆ ಮೇಲೊಂದು ಜಾಗ, ದೇವಸ್ಥಾನದ ಕಟ್ಟೆ, ಮತ್ತೆ ಗುಡ್ಡದ ತುದಿ" ಅಂದ. ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರಲ್ಲಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ನಾಮಕರಣವೂ ಆಯಿತು, ಗಡುವುಗಳೂ ಒಂದರ ಹಿಂದೆ ಒಂದು ಬಂದು ಹೋದವು. ಕೊರೋನಾ ವರ್ಷಗಳಲ್ಲಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡದ ಮೇಲೆ ಕೂತು ಪಾಠ ಕೇಳಿದರು. ಅಲ್ಲಿ ಹೋಲಿಸಿ ಆರಿಸಿಕೊಳ್ಳುವುದು ಕಂಪನಿಯನ್ನಲ್ಲ, ಗುಡ್ಡವನ್ನು. ಗುಡ್ಡಕ್ಕೆ ಜಿಎಸ್‌ಟಿಯೂ ಇಲ್ಲ.

ಕೊನೆಗೂ ಮೂರು ದಿನದ ಶ್ರಮದ ನಂತರ ಒಂದು ಪ್ಲಾನಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದೆ. ಲಾಂಗ್‌ಬುಕ್ ಹಿಡಿದು ಕೆಳಗಿನ ಮನೆಗೆ ಹೋದೆ. ನಮ್ಮ ಓನರ್ ನಿವೃತ್ತ ಗಣಿತದ ಮೇಷ್ಟ್ರು. ಕನ್ನಡಕ ಏರಿಸಿ ಒಂದೊಂದೇ ಸಾಲು ನೋಡಿದರು. ಒಂದು ಕಡೆ ಜಿಎಸ್‌ಟಿ ಕೂಡಿಸಿದ್ದು ತಪ್ಪಾಗಿತ್ತು, ತಿದ್ದಿದರು.

"ಲೆಕ್ಕ ಚೆನ್ನಾಗಿ ಮಾಡಿದ್ದೀರಿ. ಆದರೆ ನಮ್ಮ ಬಿಲ್ಡಿಂಗಿಗೆ ಇದು ಬರಲ್ಲ."

"ಯಾಕೆ ಮೇಷ್ಟ್ರೇ?"

"ತೂತು ಒಂದೇ ಇರೋದು."

ನಮಗಿಂತ ಮುಂಚೆ ಇದ್ದ ಬಾಡಿಗೆಯವರು ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಒಂದು ತೂತು ಕೊರೆಸಿದ್ದರಂತೆ. ಅದರಲ್ಲಿ ಒಂದು ಕಂಪನಿಯ ವೈರು ಆಗಲೇ ಕೂತಿದೆ. ಇನ್ನೊಂದು ತೂತಿಗೆ ಮೇಷ್ಟ್ರು ಒಪ್ಪುವುದಿಲ್ಲ. ಹೋದ ವರ್ಷವಷ್ಟೇ ಪೇಂಟ್ ಮಾಡಿಸಿದ್ದಾರೆ. ಟೇಬಲ್ಲಿನಲ್ಲಿ ಆ ಕಂಪನಿ ಐದನೇ ಸ್ಥಾನದಲ್ಲಿತ್ತು. ಒಟ್ಟು ಐದೇ ಕಂಪನಿ ಅಂತ ಆಗಲೇ ಹೇಳಿದ್ದೆನಲ್ಲ?

ನಮ್ಮದು ಬಡವರ ಪಾಡು ಅಂದುಕೊಳ್ಳಬೇಡಿ. ಕೋಟಿ ಕೊಟ್ಟು ಕೊಳ್ಳುವ ಅಪಾರ್ಟ್‌ಮೆಂಟುಗಳಲ್ಲೂ ತೂತು ಇದೆ. ಅಲ್ಲಿ ಅದಕ್ಕೆ ಅಸೋಸಿಯೇಶನ್ ಒಪ್ಪಂದ ಅಂತ ಗೌರವದ ಹೆಸರಿದೆ, ಅಷ್ಟೆ. ದರಗಳನ್ನು ಹೋಲಿಸಿ ನೋಡಲಿ ಅಂತ ಟ್ರಾಯ್ 2018ರಲ್ಲಿ ಒಂದು ವೆಬ್‌ಸೈಟನ್ನೂ ಶುರು ಮಾಡಿತು. ಒಳ್ಳೆಯ ಕೆಲಸವೇ. ಅದರಲ್ಲೂ ತೂತಿಗೆ ಒಂದು ಕಾಲಂ ಇಡಬೇಕಿತ್ತು.

ಕನೆಕ್ಷನ್ ಬಂತು. ವೈರು ಹೇಗೆ ಬರುತ್ತದೆ ಅಂತ ನೋಡಲು ಮಗಳ ಜೊತೆ ಮಹಡಿ ಹತ್ತಿದೆ. ನಮ್ಮ ಬೀದಿ ತುದಿಯಲ್ಲಿ ಒಂದು ಹೊಂಗೆ ಮರವಿದೆ. ಐದೂ ಕಂಪನಿಗಳ ಕೇಬಲ್ಲು ಆ ಮರದ ಒಂದೇ ಕೊಂಬೆಯ ಮೇಲೆ ಹಾದು ಬರುತ್ತವೆ. ಉಳಿದ ಕೇಬಲ್ಲನ್ನು ಸುತ್ತಿ ಅಲ್ಲಲ್ಲೇ ನೇತುಹಾಕಿದ್ದಾರೆ. ದೂರದಿಂದ ನೋಡಿದರೆ ಗೋಕುಲಾಷ್ಟಮಿಗೆ ಚಕ್ಕುಲಿ ಕಟ್ಟಿದ ಮಂಟಪದ ಹಾಗಿದೆ. ಪಾಲಿಕೆಯವರು ಆಗಾಗ ಬಂದು ಕತ್ತರಿಸುತ್ತಾರೆ, ಸಂಜೆ ಹುಡುಗರು ಬಂದು ಮತ್ತೆ ಕಟ್ಟುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅನ್ನುವ ಜಿಬಿಎ ಬಂತು, ಇದ್ದ ಒಂದು ಪಾಲಿಕೆ ಐದಾಯಿತು. ಚಕ್ಕುಲಿ ಹಾಗೇ ಇದೆ.

ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗ ನನಗಿಂತ ಜಾಣ. ಮನೆಯಿಂದಲೇ ಕೆಲಸ, ಒಂದು ಹೋದರೆ ಇನ್ನೊಂದು ಇರಲಿ ಅಂತ ಎರಡು ಕಂಪನಿಯ ಕನೆಕ್ಷನ್ ಇಟ್ಟುಕೊಂಡಿದ್ದ. ಮೇ ತಿಂಗಳ ಮೊದಲ ಮಳೆಗೆ ಆ ಕೊಂಬೆ ಮುರಿದು ಬಿತ್ತು. ಅವನ ಎರಡೂ ರೂಟರ್ ಪೆಟ್ಟಿಗೆಗಳಲ್ಲಿ ಸಿಗ್ನಲ್ ಇಲ್ಲ ಅಂತ ಹೇಳುವ ಎಲ್‌ಒಎಸ್ ಅನ್ನುವ ಕೆಂಪು ದೀಪ ತಾಳ ತಪ್ಪದೆ ಮಿಣುಕುತ್ತಿದ್ದವು. ಇಡೀ ಬೀದಿ ಹೊರಗೆ ಬಂತು. ಎದುರು ಮನೆಯಲ್ಲಿರುವವರ ಹೆಸರು ನನಗೆ ಆ ಸಂಜೆ ಗೊತ್ತಾಯಿತು.

ಎಂಟು ತಿಂಗಳು ಸಹಿಸಿಕೊಂಡು, ಮೇಷ್ಟ್ರ ಕೈಕಾಲು ಹಿಡಿದು, ಇರುವ ತೂತನ್ನೇ ಬಳಸುತ್ತೇನೆ ಅಂತ ಮಾತು ಕೊಟ್ಟು ಕಂಪನಿ ಬದಲಾಯಿಸಿದೆ. ಟೇಬಲ್ಲಿನಲ್ಲಿ ಮೊದಲನೇ ಸ್ಥಾನದಲ್ಲಿದ್ದ ಕಂಪನಿ. ಹೊಸ ಬಾಳು ಶುರುವಾಗುವ ಉತ್ಸಾಹದಲ್ಲಿ ಬೆಳಿಗ್ಗೆಯಿಂದ ಕಾದಿದ್ದೆ. ಮೂರು ಗಂಟೆಗೆ ಬೆಲ್ಲಾಯಿತು. ಬಾಗಿಲು ತೆಗೆದರೆ ಅದೇ ಹುಡುಗ. ಹಳೇ ಕಂಪನಿಯ ಕನೆಕ್ಷನ್ ಕೊಡಲು ಬಂದಿದ್ದವನೇ. ಟೀ ಶರ್ಟಿನ ಬಣ್ಣ ಮಾತ್ರ ಬೇರೆ.

"ಓ, ಸಾರ್, ನೀವಾ!"

"ನೀನು ಆ ಕಂಪನಿ ಬಿಟ್ಟೆಯೇನಪ್ಪ?"

"ಇಲ್ಲ ಸಾರ್, ಬೆಳಿಗ್ಗೆ ಅದು, ಮಧ್ಯಾಹ್ನ ಇದು."

ಹೆಗಲ ಮೇಲೆ ಹೊಸ ಕೇಬಲ್ಲಿನ ಸುರುಳಿ ಇತ್ತು. ಅದನ್ನು ಕೆಳಗಿಡಲೂ ಇಲ್ಲ. ಕಿಟಕಿಯ ಹತ್ತಿರ ಹೋಗಿ ಹಳೇ ವೈರನ್ನು ಒಮ್ಮೆ ಜಗ್ಗಿ ನೋಡಿದ. "ಇದು ಗಟ್ಟಿಯಾಗಿದೆ ಸಾರ್, ಇದೇ ಇರಲಿ. ಆ ಕಡೆ ತುದಿ ಬದಲಾಯಿಸ್ತೀನಿ" ಅಂದ. ಹೊಂಗೆ ಮರ ಹತ್ತಿದ, ಇಳಿದ. ಹತ್ತು ನಿಮಿಷದಲ್ಲಿ ಹಸಿರು ದೀಪ ಬಂತು. ಮಗಳು ಪಾಸ್‌ವರ್ಡ್ ಬರೆದುಕೊಂಡಳು.

ಕಾಫಿ ಕೊಟ್ಟು, ಮೆಲ್ಲಗೆ ಕೇಳಿದೆ. "ನಿಜ ಹೇಳಪ್ಪ, ಎರಡರಲ್ಲಿ ಯಾವುದು ವಾಸಿ? ನಿಮ್ಮ ಮನೇಲಿ ಯಾವುದು ಹಾಕಿಸಿದೀಯ?"

ಲೋಟ ಕೆಳಗಿಟ್ಟು ನಾಚಿಕೊಂಡ.

"ನಮ್ಮನೇಲಿ ಹಾಕಿಸಿಲ್ಲ ಸಾರ್. ಪಕ್ಕದ ಮನೆಯವರ ಪಾಸ್‌ವರ್ಡ್ ಇದೆ."