ತಮ್ಮನನ್ನು ಕರೆದರೆ ಅಣ್ಣ ಓಗೊಡುವ ದೀಪ

ಕಾರವಾರದ ಕಡಲಗಾಳಿಗೆ ನಿಂತ ಕಾರಿನಲ್ಲಿ ಒಂದಲ್ಲ ಒಂದು ದಿನ ಈ ಚೋದ್ಯ ಶುರುವಾಗುತ್ತದೆ. ಬಲಕ್ಕೆ ಇಂಡಿಕೇಟರ್ ಹಾಕಿದರೆ ಕಾರಿನ ಹಿಂಬದಿಯಲ್ಲಿ ಪಕ್ಕದ ಕೆಂಪು ದೀಪವೂ ತಾಳ ಹಾಕುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ. ಹಿಂದಿನ ಲಾರಿಯವನಿಗೆ ಈ ಕಾರು ತಿರುಗುತ್ತದೋ, ನಿಲ್ಲುತ್ತದೋ, ಮದುವೆ ದಿಬ್ಬಣಕ್ಕೆ ಹೊರಟಿದೆಯೋ ತಿಳಿಯುವುದಿಲ್ಲ.

ಸುತ್ತ ನೆರೆದವರ ಚಿಕಿತ್ಸೆ ಒಂದೇ: ದೀಪಕ್ಕೆ ಅಂಗೈಯಲ್ಲಿ ಎರಡು ಬಾರಿಸುವುದು. ಹೊತ್ತಿಕೊಂಡರೆ "ಆಯ್ತಲ್ಲ ಮಾರಾಯ್ರೆ" ಎಂದು ಚಹಾಕ್ಕೆ ಹೊರಡುತ್ತಾರೆ. ಆ ಪೆಟ್ಟಿನಿಂದ ಗೊತ್ತಾಗುವುದು ಸಂಪರ್ಕ ಎಲ್ಲೋ ಸಡಿಲ ಎಂಬುದಷ್ಟೆ. ದೇವಿಮನೆ ಘಟ್ಟದ ಮೊದಲ ತಿರುವಿಗೇ ಹಳೇ ಚಾಳಿ ಮರಳುತ್ತದೆ.

ಬಲ್ಬ್ ತರಲು ಓಡುವ ಮೊದಲು ಅರ್ಥಿಂಗ್, ಅಂದರೆ ಕರೆಂಟ್ ವಾಪಸಾಗುವ ದಾರಿ, ನೋಡಬೇಕು. ಹಿಂದಿನ ದೀಪದ ಬಲ್ಬುಗಳಿಗೆಲ್ಲ ಕರೆಂಟ್ ವಾಪಸಾಗಲು ಸಾಮಾನ್ಯವಾಗಿ ಒಂದೇ ವೈರು, ಹೆಚ್ಚಾಗಿ ಕಪ್ಪು ಬಣ್ಣದ್ದು, ಬಾಡಿಯ ತಗಡಿಗೆ ಬೋಲ್ಟ್ ಆಗಿರುತ್ತದೆ. ಉಪ್ಪುಗಾಳಿಗೆ ಮಳೆಗಾಲದ ಪಸೆಯೂ ಸೇರಿ ಅಲ್ಲಿ ತಾಮ್ರ ಹಸಿರುಗಟ್ಟುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ದಾರಿ ಕಟ್ಟಿದ ಕರೆಂಟ್ ಪಕ್ಕದ ಬಲ್ಬಿನ ಫಿಲಮೆಂಟಿನೊಳಗೆ ನುಸುಳಿ ಮನೆ ಸೇರಲು ನೋಡುತ್ತದೆ, ಹೋಗುವಾಗ ಅದನ್ನೂ ಅರೆಬರೆ ಹೊತ್ತಿಸುತ್ತದೆ.

ದೀಪ ಉರಿಯುತ್ತಿರುವಾಗ ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಮೊನೆಯನ್ನು ಹೋಲ್ಡರಿನ ಅರ್ಥಿಂಗ್ ತುದಿಗೆ, ಇನ್ನೊಂದನ್ನು ಬಣ್ಣವಿಲ್ಲದ ಶುದ್ಧ ತಗಡಿಗೆ ಇಡಿ. 0.2 ವೋಲ್ಟಿನ ಒಳಗಿದ್ದರೆ ಸರಿ. 2 ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕ. 12ರ ಬದಲು 10 ವೋಲ್ಟ್ ಸಿಕ್ಕಿದ ಬಲ್ಬಿನ ಬೆಳಕು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಮೀಟರ್ ಇಲ್ಲವೇ? ಆ ಎರಡು ಜಾಗಗಳ ನಡುವೆ ಒಂದು ವೈರಿನ ತುಂಡು ಹಿಡಿಯಿರಿ. ದೀಪ ಝಗ್ಗೆಂದರೆ ಉತ್ತರ ಅದೇ. ಬೋಲ್ಟ್ ಬಿಚ್ಚಿ, ತಗಡು ಹೊಳೆಯುವಷ್ಟು ಸ್ಯಾಂಡ್‌ಪೇಪರ್ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಗ್ರೀಸ್ ಸವರಿ. ತೆಂಗಿನೆಣ್ಣೆ ಬೇಡ. ನಮ್ಮ ಕಡೆ ಅದು ತಲೆಯಿಂದ ಬಾಗಿಲ ತಿರುಗಣಿವರೆಗೆ ಸರ್ವರೋಗಕ್ಕೂ ಮದ್ದು, ನಿಜ. ಇಲ್ಲಿ ಮಾತ್ರ ಧೂಳು ಹಿಡಿದು ಅಂಟಾಗುತ್ತದೆ.

ಇಂಡಿಕೇಟರ್ ಅವಸರದಲ್ಲಿ ಟಿಕಟಿಕ ಎಂದರೆ ಒಂದು ಬಲ್ಬ್ ಸತ್ತಿದೆ. ಬ್ರೇಕ್ ದೀಪ ಎರಡೂ ಕಡೆ ಹತ್ತದಿದ್ದರೆ ಫ್ಯೂಸ್, ಇಲ್ಲವೇ ಪೆಡಲ್ ಬಳಿಯ ಸ್ವಿಚ್. ಬಲ್ಬ್ ಬದಲಿಸುವಾಗ ಗಮನಿಸಿ: ಪಾರ್ಕಿಂಗಿಗೆ 5 ವಾಟ್, ಬ್ರೇಕಿಗೆ 21 ವಾಟ್, ಹೀಗೆ ಎರಡು ಫಿಲಮೆಂಟ್ ಇರುವ ಬಲ್ಬಿನ ಪಕ್ಕದ ಗುಬುಟುಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ. ಒತ್ತಿ ತಿರುಗಿಸಿದಾಗ ಕೂರದಿದ್ದರೆ ತಿರುವುಮುರುವಾಗಿದೆ ಎಂದರ್ಥ. ಗಾಣಕ್ಕೆ ಕಬ್ಬು ತುರುಕಿದಂತೆ ತುರುಕಬೇಡಿ.

ಡಿಕ್ಕಿ ಬಾಗಿಲಲ್ಲೇ ದೀಪವಿರುವ ಕಾರುಗಳದು ಬೇರೆ ತಕರಾರು. ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ರಬ್ಬರ್ ನಳಿಕೆಯೊಳಗೆ ವೈರು ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇದ್ದು ಒಳಗೆ ತುಂಡಾಗಿರುತ್ತದೆ. ಮೆಕ್ಯಾನಿಕ್ ಬಾಗಿಲೆತ್ತಿ ನೋಡುವಾಗ ಉರಿಯುತ್ತದೆ, ಇಳಿಸಿದ ಕೂಡಲೇ ಆರುತ್ತದೆ. ಆದ್ದರಿಂದ ಬಾಗಿಲು ಮುಚ್ಚಿಯೇ ಪರೀಕ್ಷಿಸಬೇಕು. "ಹತ್ತಿತಾ?" "ಹತ್ತಿತು." "ಈಗ?" ಎಂದು ಕೂಗಲು ಜೊತೆಗೆ ಜನ ಇಲ್ಲದಿದ್ದರೆ, ಕತ್ತಲಾದ ಮೇಲೆ ಕಾರಿನ ಬೆನ್ನನ್ನು ಸುಣ್ಣ ಬಳಿದ ಗೋಡೆಗೆ ಮಾಡಿ ಕನ್ನಡಿಯಲ್ಲಿ ನೋಡಿ. ಚಿರೆಕಲ್ಲಿನ ಗೋಡೆ ಆಗುವುದಿಲ್ಲ, ಅದಕ್ಕೆ ಎಲ್ಲ ದೀಪವೂ ಕೆಂಪೇ.