ನೆಟ್ಟಗೆ ನಿಂತರೆ ಸಾಕಾ?

"12 ವರ್ಷ ಕೊಯಮತ್ತೂರಲ್ಲಿದ್ದು ನೀನು ಪೂರಾ ಅಲ್ಲಿಯವನೇ ಆಗಿಬಿಟ್ಟೆ" ಅಂತ ಭಾವ ಅಂದಾಗ ಶೆಡ್ಡಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಾನು ಕೇಳಿದ್ದು ಇಷ್ಟೇ: ಊರಿಗೆ ತಂದ ಲೇತನ್ನು, ಅಂದರೆ ಲೋಹ ಕಡೆಯೋ ಮೆಷಿನನ್ನು, ಇವತ್ತೇ ಓಡಿಸೋದು ಬೇಡ, ಮಟ್ಟ ನೋಡಿ ನಾಲ್ಕು ದಿನ ಬಿಡೋಣ. ಅಷ್ಟಕ್ಕೆ ನಾನು ಹೊರಗಿನವನಾದೆ.

ನಮ್ಮದು ಸೋಮವಾರಪೇಟೆಯಿಂದ ಆಚೆ, ಶಾಂತಳ್ಳಿ ಕಡೆ. ಅಣ್ಣನಿಗೆ ಒಂದು ಲೇತ್ ಬೇಕು ಅನ್ನೋದು ಬಹಳ ದಿನದ ಆಸೆ. ಕಾಫಿ ಕುಯ್ಲಿನ ಹೊತ್ತಿಗೇ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರಿನ ಬುಷ್, ಅಂದರೆ ಅಚ್ಚು ತಿರುಗೋ ಲೋಹದ ಬಳೆ, ಸವೆಯುತ್ತೆ. ಒಂದು ಬುಷ್ ಮಾಡಿಸೋಕೆ ಕುಶಾಲನಗರಕ್ಕೆ ಹೋಗಿ, ಅಲ್ಲಿ ಸರದಿಯಲ್ಲಿ ಕಾದು ಬರಬೇಕು. ಅಷ್ಟರಲ್ಲಿ ಕುಯ್ದ ಹಣ್ಣು ಹುಳಿ ಬರುತ್ತೆ. ಕೊಯಮತ್ತೂರಿನ ಹಳೇ ಮೆಷಿನ್ ಯಾರ್ಡೊಂದರಲ್ಲಿ ನಾನು ಲೇತ್ ಹುಡುಕುತ್ತಿದ್ದೆ. ಒಂದು ಮೆಷಿನ್ನಿನ ಪ್ಲೇಟ್ ಮೇಲಿದ್ದ ಗ್ರೀಸ್ ಒರೆಸಿದರೆ, ಹರಿಹರ ಅಂತ ಇತ್ತು! 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್. ಪರಊರಲ್ಲಿ ನೆಂಟರು ಸಿಕ್ಕ ಹಾಗಾಯಿತು. ರೇಟು ಕೂಡ ಜಾಸ್ತಿ ಚೌಕಾಸಿ ಮಾಡಲಿಲ್ಲ. ದಿಂಬಂ ಘಾಟಿಯ 27 ತಿರುವು ಹತ್ತಿ, ಚಾಮರಾಜನಗರ, ಮೈಸೂರು ದಾಟಿ ಲಾರಿ ಊರಿಗೆ ಬಂತು.

ಈಗ ಕೊಯಮತ್ತೂರಿನ ವಿಷಯ ಹೇಳಬೇಕು. ನನಗೆ ಲೇತ್ ಕೆಲಸ ಕಲಿಸಿದ ಮಾಸ್ಟರ್ ಅಲ್ಲೇ ಇದ್ದಾರೆ. ಅವರ ಹತ್ತಿರ ಒಂದು ರಸಮಟ್ಟ ಇದೆ. ಗಾರೆ ಮೇಸ್ತ್ರಿಯದ್ದಲ್ಲ, ಮೆಷಿನ್ ಕೂರಿಸೋಕೇ ಮಾಡಿದ್ದು. ಅದರ ಗುಳ್ಳೆ ಒಂದು ಗೆರೆ ಸರಿದರೆ, ಒಂದು ಮೀಟರ್ ಉದ್ದಕ್ಕೆ 0.02 ಮಿಲಿಮೀಟರ್ ಏರುಪೇರು ಅಂತ ಅರ್ಥ. ನಾವು ಬರೆಯೋ ಕಾಗದದ ದಪ್ಪದಲ್ಲಿ ಐದರಲ್ಲೊಂದು ಪಾಲು. ಅದನ್ನು ಅವರು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬೆಡ್ ಮೇಲೆ, ಅಂದರೆ ಲೇತಿನ ಉದ್ದನೆಯ ತಳದ ಮೇಲೆ, ಇಟ್ಟು ಕೈ ತೆಗೆದು ಸುಮ್ನೆ ಕಾಯುತ್ತಾರೆ. ಕೈಯ ಬಿಸಿಗೇ ಗುಳ್ಳೆ ಓಡುತ್ತೆ. ನಿಂತ ಮೇಲೆ ನೋಡಿ, ಅದನ್ನೇ ತಿರುಗಿಸಿ ಇಟ್ಟು ಮತ್ತೆ ನೋಡುತ್ತಾರೆ. ರಸಮಟ್ಟವೇ ಸುಳ್ಳು ಹೇಳುತ್ತಿದೆಯಾ ಅಂತ ಗೊತ್ತಾಗೋದು ಹಾಗೆ. ಊರಿಗೆ ಹೊರಟಾಗ ನಾನು ಕೇಳುವ ಮೊದಲೇ ಪೆಟ್ಟಿಗೆ ಕೈಗೆ ಕೊಟ್ಟರು.

ನಮ್ಮ ಕಡೆ ಹೇಗೆ? ಭಾವ ಗಾರೆಯವರ ರಸಮಟ್ಟ ತಂದು ಬೆಡ್ ಮೇಲಿಟ್ಟರು. ಗುಳ್ಳೆ ನಡುವೆ ನಿಂತಿತು. "ನೆಟ್ಟಗಿದೆಯಲ್ಲ, ಇನ್ನೇನು?" ಚಿಕ್ಕಮ್ಮ ಕುಂಕುಮ, ಹೂವು ಹಿಡಿದು ಕಾಯುತ್ತಿದ್ದರು. ನಿಂಬೆಹಣ್ಣೂ ತಯಾರಿತ್ತು. ನಮ್ಮಲ್ಲಿ ಯಾವುದೇ ಮೆಷಿನ್ ಬಂದರೂ ಇದೇ ಕಥೆ. ಪಂಪ್‌ಸೆಟ್ ಬರಲಿ, ಪಲ್ಪರ್ ಬರಲಿ, ಪೂಜೆ ಮಾಡಿ ಅವತ್ತೇ ಸ್ವಿಚ್ ಒತ್ತಬೇಕು. ಕೆಟ್ಟಾಗ ಮೆಷಿನ್ ಸರಿಯಿಲ್ಲ ಅನ್ನೋದು. ಕೂರಿಸಿದ್ದು ಸರಿಯಿತ್ತಾ ಅಂತ ಒಬ್ಬರೂ ಕೇಳಲ್ಲ. ನನಗೆ ಸಿಟ್ಟು ಬರೋದು ಅದಕ್ಕೇ.

ಲೇತ್ ನೆಟ್ಟಗೆ ನಿಲ್ಲೋದು ದೊಡ್ಡ ವಿಷಯವಲ್ಲ. ಹಡಗಿನಲ್ಲೂ ಲೇತ್ ಓಡುತ್ತೆ, ಅಲ್ಲಿ ಮಟ್ಟ ಎಲ್ಲಿಂದ ಬರಬೇಕು? ಬೆಡ್ ತಿರುಚಿಕೊಂಡಿರಬಾರದು, ಅದು ಮುಖ್ಯ. ಆ ಗಟ್ಟಿ ಬೀಡು ಕಬ್ಬಿಣ ಕೂಡ ಒಂದು ಕಾಲು ಮೇಲೆ ಕೆಳಗೆ ಆದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಕಣ್ಣಿಗೆ ಕಾಣದಷ್ಟು ತಿರುಚುತ್ತೆ. ಅದಕ್ಕೇ ರಸಮಟ್ಟವನ್ನು ಬೆಡ್ಡಿಗೆ ಅಡ್ಡಲಾಗಿ ಇಡಬೇಕು. ಲೋಹದ ತುಂಡನ್ನು ಕಚ್ಚಿ ತಿರುಗಿಸೋ ಚಕ್ ಕಡೆ ಒಮ್ಮೆ, ಅದರ ಇನ್ನೊಂದು ತುದಿಗೆ ಆಸರೆ ಕೊಡೋ ಟೇಲ್‌ಸ್ಟಾಕ್ ಕಡೆ ಒಮ್ಮೆ. ಎರಡೂ ಕಡೆ ಗುಳ್ಳೆ ಒಂದೇ ಗೆರೆಗೆ ನಿಲ್ಲಬೇಕು. ಮಾಸ್ಟರದ್ದು ಇಟ್ಟು ನೋಡಿದೆವು. ಎರಡು ಕಡೆಗೂ ನಾಲ್ಕು ಗೆರೆ ವ್ಯತ್ಯಾಸ! ಭಾವ ಬಗ್ಗಿ ನೋಡಿದರು, ಮಾತಾಡಲಿಲ್ಲ.

ಬೋಲ್ಟ್ ಸಡಿಲಿಸಿ, ಕಾಲಿನ ಕೆಳಗೆ ತೆಳು ತಗಡು ಕೊಟ್ಟು, ಬಿಗಿದು, ಮತ್ತೆ ನೋಡಿ, ಮತ್ತೆ ಸಡಿಲಿಸಿ ಸಂಜೆ ಆಯಿತು. ಮರುದಿನ ನೋಡಿದರೆ ಅರ್ಧ ಗೆರೆ ಸರಿದಿತ್ತು. ಮೂರು ದಿನ ಹೀಗೇ ನಡೆಯಿತು. ಆಮೇಲೆ ಒಂದು ದಪ್ಪ ರಾಡನ್ನು ಚಕ್ಕಿಗೆ ಕಚ್ಚಿಸಿ, 150 ಮಿಲಿಮೀಟರ್ ಹೊರಗೆ ಬಿಟ್ಟೆವು. ಟೇಲ್‌ಸ್ಟಾಕ್ ಆನಿಸದೆ, ನಡುವೆ ತಗ್ಗು ಮಾಡಿ, ಎರಡು ತುದಿಗೂ ಒಂದೇ ಸಣ್ಣ ಕಟ್ ಕೊಟ್ಟೆ. ಬೆಡ್ ತಿರುಚಿಲ್ಲದಿದ್ದರೆ ಎರಡೂ ತುದಿ ಒಂದೇ ದಪ್ಪ ಬರಬೇಕು. ಮೈಕ್ರೋಮೀಟರಿನಲ್ಲಿ ಅಳೆದರೆ ಹೊರ ತುದಿ 0.03 ಮಿಲಿಮೀಟರ್ ಜಾಸ್ತಿ ದಪ್ಪ. ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು ಕೂದಲೆಳೆಯಷ್ಟು ಎತ್ತಿದೆ. ಮತ್ತೆ ಕಟ್ ಕೊಟ್ಟರೆ 0.01ಕ್ಕೆ ಬಂತು. ನಾವು ತಿರುಗಿಸೋ ಬುಷ್‌ಗೆ ಅಷ್ಟು ಸಾಕು. ಚಿಕ್ಕಮ್ಮನ ಪೂಜೆ ಅವತ್ತು ಆಯಿತು. ಕೈಯಲ್ಲಿ ಹೂವು ಹಿಡಿದು ಮೂರು ದಿನ ಕಾಯಿಸಿದ್ದಕ್ಕೆ ನನಗೂ ಬೇಜಾರಿದೆ.

ಆದರೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಲೇತ್ ಕಿಟಕಿ ಪಕ್ಕ ಇಡಬೇಕು, ಬೆಳಕು ಚೆನ್ನಾಗಿರುತ್ತೆ, ಅಲ್ಲೇ ಕಾಂಕ್ರೀಟ್ ಹಾಕಿಸಿ ಅಂತ ನಾನು ಮೊದಲೇ ಫೋನಲ್ಲಿ ಹೇಳಿದ್ದೆ. ಬಂದು ನೋಡಿದರೆ ಚಿಕ್ಕಪ್ಪ ಒಳಗಿನ ಕತ್ತಲೆ ಮೂಲೆಯಲ್ಲಿ ಹಾಕಿಸಿದ್ದರು. ಮೂರು ವಾರ ಗೋಣಿ ಹೊದಿಸಿ ನೀರೂ ಬಿಟ್ಟಿದ್ದರು. ನಾನು ರೇಗಿದೆ. "ಮಗ, ಕಿಟಕಿ ಕಡೆದು ತುಂಬಿಸಿದ ಮಣ್ಣು, ಈ ಕಡೆದು ಗುಡ್ಡ ಕಡಿದ ಜಾಗ" ಅಂದರು, ಅಷ್ಟೇ. ಆಗ ನನ್ನ ತಲೆಗೆ ಹೋಗಲಿಲ್ಲ.

ಲೇತ್ ಬಂದ ದಿನ ಲಾರಿ ಶೆಡ್‌ವರೆಗೆ ಇಳಿಯುವ ಹಾಗಿರಲಿಲ್ಲ. ಒಂದು ಟನ್ನಿಗೆ ಹತ್ತಿರದ ಭಾರ. ಸಿಲ್ವರ್ ಮರಕ್ಕೆ ಹಗ್ಗ ಎರಡು ಸುತ್ತು ಹಾಕಿ, ಹಲಗೆ ಮೇಲೆ ಪೈಪ್ ಉರುಳಿಸಿಕೊಂಡು, ಭಾವ ಮತ್ತು ಐದು ಜನ ಅದನ್ನು ಇಂಚು ಇಂಚಾಗಿ ಇಳಿಸಿದರು. ಚಕ್ ಕಡೆ ಭಾರ ಜಾಸ್ತಿ ಅಂತ ನಾನು ಹೇಳುವ ಮೊದಲೇ ಭಾವ ಹಗ್ಗವನ್ನು ಆ ಕಡೆಗೆ ಸರಿಸಿ ಕಟ್ಟಿದ್ದರು. ಅವತ್ತು ಅವರಿಗೆ ಯಾವ ಅವಸರವೂ ಇರಲಿಲ್ಲ.

ಆಗಸ್ಟಲ್ಲಿ ಮತ್ತೆ ಊರಿಗೆ ಹೋದೆ. ಮಳೆ ಬಿಟ್ಟಿರಲಿಲ್ಲ, ಶೆಡ್ಡಿನ ಒಳಗೂ ಮಂಜು. ಕಿಟಕಿ ಪಕ್ಕದ ನೆಲದಲ್ಲಿ ಬೆರಳು ತೂರುವಷ್ಟು ಬಿರುಕು. ಲೇತಿನ ಹತ್ತಿರ ಏನೂ ಇಲ್ಲ. ರಸಮಟ್ಟ ಇಟ್ಟು ನೋಡಿದೆ, ಅರ್ಧ ಗೆರೆ ಅಷ್ಟೇ ಸರಿದಿತ್ತು. ಬೆಡ್ ಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಮನೆಯ ಕೋವಿಗೆ ಹಚ್ಚುವ ಹಾಗೇ ಚಿಕ್ಕಪ್ಪ ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಬಟ್ಟೆ ಹೊದಿಸಿ, ಕೆಳಗೊಂದು ಬಲ್ಬ್ ಉರಿಸಿಟ್ಟಿದ್ದರು.

ಆ ಅರ್ಧ ಗೆರೆ ಸರಿಮಾಡೋಕೆ ಕೂತಾಗ ಬೋಲ್ಟ್ ಬಿಗಿದವರು ಭಾವ. ಪ್ರತಿ ಸಲ ಬಿಗಿದ ಮೇಲೂ ಕೈ ಹಿಂದೆ ಕಟ್ಟಿಕೊಂಡು, ಗುಳ್ಳೆ ನಿಲ್ಲೋವರೆಗೆ ಕಾದರು.